ದಕ್ಷಿಣ ಆಫ್ರಿಕದ ಭಾರತೀಯರ ಹೋರಾಟದಲ್ಲಿ ಒಡಕು ಮತ್ತು ಒಗ್ಗಟ್ಟು

ದಕ್ಷಿಣ ಆಫ್ರಿಕದಲ್ಲಿ ನೆಲೆಸಿದ ಭಾರತೀಯರು ವರ್ಣಭೇದದ ವಿರುದ್ಧ ನಡೆಸಿದ ಹೋರಾಟವು ನಮ್ಮ ಪಠ್ಯಪುಸ್ತಕಗಳಲ್ಲಿ ಗಾಂಧೀಜಿಯವರ ಜೀವನಚರಿತ್ರೆಯ ಒಂದು ಅಧ್ಯಾಯವಾಗಿ ಮಾತ್ರ ಬರುತ್ತದೆ. 1893ರಲ್ಲಿ ಪೀಟರ್‌ಮಾರಿಟ್ಸ್‌ಬರ್ಗಿನ ರೈಲು ನಿಲ್ದಾಣದಲ್ಲಿ ಆರಂಭವಾಗುವ ಆ ಕಥೆ 1914ರಲ್ಲಿ ಅವರು ಹಡಗು ಹತ್ತುವುದರೊಡನೆ ಮುಗಿದುಹೋಗುತ್ತದೆ. ಇದರಿಂದ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಎರಡು ತಪ್ಪು ಭಾವನೆಗಳು ನೆಲೆಯೂರುವುದನ್ನು ಅಧ್ಯಾಪಕರೆಲ್ಲರೂ ಕಂಡಿರಬಹುದು. ಅಲ್ಲಿಯ ಭಾರತೀಯರೆಲ್ಲರೂ ಒಬ್ಬ ನಾಯಕರ ಹಿಂದೆ ಏಕಮನಸ್ಕರಾಗಿ ನಡೆದರೆಂಬುದು ಒಂದು; ಅವರು ಹೊರಟುಹೋದಮೇಲೆ ಉಳಿದವರು ತಮ್ಮತಮ್ಮಲ್ಲೇ ಕಚ್ಚಾಡಿ ಕಟ್ಟಿದ್ದನ್ನು ಕೆಡವಿದರೆಂಬುದು ಇನ್ನೊಂದು. ಆಧಾರಗಳನ್ನು ಪರಿಶೀಲಿಸಿದಲ್ಲಿ ಇವೆರಡೂ ನಿಲ್ಲುವುದಿಲ್ಲ. ಒಳಜಗಳವು ಮೊದಲಿನಿಂದಲೂ ಇತ್ತು. ಅದರಲ್ಲಿ ವ್ಯಕ್ತಿಗಳ ಮತ್ಸರಕ್ಕೂ ಪಾಲಿತ್ತು, ಇಲ್ಲವೆನ್ನಲಾಗದು. ಆದರೆ ಅದರ ತಿರುಳಿನಲ್ಲಿದ್ದುದು ಬೇರೊಂದು ಪ್ರಶ್ನೆ. ‘ನಾವು’ ಎನ್ನುವಾಗ ಅದರೊಳಗೆ ಯಾರುಯಾರು ಸೇರುತ್ತಾರೆ, ಸಮಾನತೆಯನ್ನು ಕೇಳುವುದು ಯಾರಿಗಾಗಿ ಎಂಬುದೇ ಆ ಪ್ರಶ್ನೆ. ಅದಕ್ಕೆ ದೊರೆತ ಉತ್ತರವು ಹಂತಹಂತವಾಗಿ ವಿಸ್ತಾರಗೊಂಡಿತು. ಪ್ರತಿಯೊಂದು ಹಂತಕ್ಕೆ ಮುಂಚೆ ಒಂದು ಜಗಳ ನಡೆಯಬೇಕಾಯಿತು. ಇದನ್ನು ಈ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

1860ರ ನವೆಂಬರ್ 16ರಂದು ‘ಟ್ರೂರೊ’ ಎಂಬ ಹಡಗು ಮದರಾಸಿನಿಂದ ಬಂದು ಡರ್ಬನ್ ಬಂದರನ್ನು ಮುಟ್ಟಿತು. ನೇಟಾಲಿನ ಕಬ್ಬಿನ ತೋಟಗಳಿಗಾಗಿ ಕರಾರಿನ ಮೇಲೆ ತರಲ್ಪಟ್ಟ ಮೊದಲ ಕೂಲಿಗಳು ಅದರಲ್ಲಿದ್ದರು. 1911ರಲ್ಲಿ ಈ ಪದ್ಧತಿ ನಿಲ್ಲುವವರೆಗೆ ಸುಮಾರು 1,52,000 ಮಂದಿ ಹೀಗೆ ಸಮುದ್ರ ದಾಟಿದರು. ಹೆಚ್ಚಿನವರು ಮದರಾಸಿನಿಂದ ಹೋದ ತಮಿಳರು ಮತ್ತು ತೆಲುಗರು. ಉಳಿದವರು ಕಲ್ಕತ್ತೆಯಿಂದ ಹೋದ ಉತ್ತರದವರು. ಹಡಗುಗಳ ಪಟ್ಟಿಯಲ್ಲಿ ಮೈಸೂರು ಸೀಮೆಯವರೆಂದು ನಮೂದಾದವರೂ ಅಲ್ಪಸಂಖ್ಯೆಯಲ್ಲಿ ಇದ್ದಾರೆ. ಮೊದಲ ವರ್ಷದ ಸಂಬಳ ತಿಂಗಳಿಗೆ 10 ಷಿಲ್ಲಿಂಗು, ಆಮೇಲೆ ವರ್ಷಕ್ಕೊಂದು ಷಿಲ್ಲಿಂಗಿನ ಏರಿಕೆ. ಇವರು ತಮ್ಮನ್ನು ‘ಗಿರಮಿಟಿ’ಗಳೆಂದು ಕರೆದುಕೊಂಡರು, ಅಗ್ರಿಮೆಂಟ್ ಎಂಬ ಮಾತು ಅವರ ಬಾಯಲ್ಲಿ ಹಾಗಾಯಿತು.

ಇವರ ಹಿಂದೆಯೇ, ತಮ್ಮ ಹಣದಿಂದ ತಾವೇ ಟಿಕೆಟ್ಟು ಕೊಂಡು ಬಂದ ವರ್ತಕರ ಇನ್ನೊಂದು ವರ್ಗ ಹುಟ್ಟಿಕೊಂಡಿತು. ಇವರಲ್ಲಿ ಗುಜರಾತಿನ ಮುಸಲ್ಮಾನರೇ ಬಹುಮಂದಿ. ಬಿಳಿಯರು ಭಾರತೀಯರನ್ನೆಲ್ಲ ‘ಕೂಲಿ’ ಎಂದೂ ‘ಸಾಮಿ’ ಎಂದೂ ಒಂದೇ ಮಾತಿನಿಂದ ಕರೆಯುತ್ತಿದ್ದುದರಿಂದ, ಈ ವರ್ತಕರು ತಮ್ಮನ್ನು ‘ಅರಬ’ರೆಂದು ಹೇಳಿಕೊಳ್ಳುತ್ತಿದ್ದರು; ಪಾರ್ಸಿ ಗುಮಾಸ್ತರು ಪರ್ಷಿಯನರಾದರು. ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಇದನ್ನು ಹೇಳಿದ್ದಾರೆ. ನಗೆ ತರಿಸುವ ಸಂಗತಿಯೆಂದು ಇದನ್ನು ಓದಿ ಬಿಟ್ಟುಬಿಡುವುದುಂಟು. ಆದರೆ ಅವಮಾನವನ್ನು ಎದುರಿಸಲು ಮನುಷ್ಯನಿಗೆ ಎರಡು ದಾರಿಗಳಿರುತ್ತವೆ: ಈ ಅವಮಾನ ಯಾರಿಗೂ ಸಲ್ಲದು ಎನ್ನುವುದು ಒಂದು, ನನಗೆ ಸಲ್ಲದು, ಅದೋ ಅವನಿಗೆ ಸಲ್ಲುತ್ತದೆ ಎನ್ನುವುದು ಇನ್ನೊಂದು. ಮುಂದಿನ ನೂರು ವರ್ಷಗಳ ಒಳಜಗಳವೆಲ್ಲ ಈ ಎರಡು ದಾರಿಗಳ ನಡುವಣದು.

1894ರ ಆಗಸ್ಟಿನಲ್ಲಿ ನೇಟಾಲ್ ಇಂಡಿಯನ್ ಕಾಂಗ್ರೆಸ್ ಸ್ಥಾಪಿತವಾಯಿತು. ಅಬ್ದುಲ್ಲಾ ಹಾಜಿ ಆದಮ್ ಅಧ್ಯಕ್ಷರು, ಗಾಂಧೀಜಿ ಕಾರ್ಯದರ್ಶಿ. ಚಂದಾ ತಿಂಗಳಿಗೆ 5 ಷಿಲ್ಲಿಂಗು, ಎಂದರೆ ವರ್ಷಕ್ಕೆ 3 ಪೌಂಡು. ತಿಂಗಳಿಗೆ 10 ಷಿಲ್ಲಿಂಗು ಗಳಿಸುವ ತೋಟದಾಳಿಗೆ ಅದರ ಬಾಗಿಲು ಎಷ್ಟರಮಟ್ಟಿಗೆ ತೆರೆದಿತ್ತೆಂಬುದನ್ನು ವಾಚಕರೇ ಲೆಕ್ಕ ಹಾಕಬಹುದು. ಮರುವರ್ಷ, 1895ರಲ್ಲಿ, ಕರಾರು ಮುಗಿದ ಬಳಿಕವೂ ನೇಟಾಲಿನಲ್ಲೇ ಉಳಿಯಬಯಸುವ ಕೂಲಿಗಳ ಮೇಲೆ ವಾರ್ಷಿಕ ತೆರಿಗೆಯನ್ನು ಹೇರುವ ಕಾನೂನಾಯಿತು. ಆ ತೆರಿಗೆಯೂ 3 ಪೌಂಡೇ. ಕಾಂಗ್ರೆಸ್ಸು ಇದನ್ನು ವಿರೋಧಿಸಿತು, ಅದು ನಿಜ. ಬಾಲಸುಂದರಂ ಎಂಬ ತಮಿಳು ಕೂಲಿ ಯಜಮಾನನಿಂದ ಪೆಟ್ಟು ತಿಂದು ಗಾಂಧೀಜಿಯವರ ಕಚೇರಿಗೆ ಬಂದ ಪ್ರಸಂಗವೂ ಪ್ರಸಿದ್ಧವಾದುದೇ. ಆದರೂ ಮುಂದಿನ ಹಲವು ವರ್ಷ ಕಾಂಗ್ರೆಸ್ಸಿನ ಅರ್ಜಿಗಳಲ್ಲಿ ಮುಂದೆ ನಿಂತದ್ದು ಮತದಾನದ ಹಕ್ಕು, ವ್ಯಾಪಾರದ ಪರವಾನಗಿ, ವಲಸೆಯ ನಿರ್ಬಂಧ ಮೊದಲಾದ ಸ್ಥಿತಿವಂತರ ಕಷ್ಟಗಳು.

ಇಷ್ಟರಿಂದ ವರ್ತಕರನ್ನು ಸ್ವಾರ್ಥಿಗಳೆಂದು ತೀರ್ಮಾನಿಸುವುದು ಅವಸರದ ಮಾತಾದೀತು. 1897ರ ನೇಟಾಲ್ ಕಾನೂನಿನ ಪ್ರಕಾರ ಅಂಗಡಿಯ ಪರವಾನಗಿಯನ್ನು ಕೊಡುವುದೂ ಬಿಡುವುದೂ ಪುರಸಭೆಯ ಒಬ್ಬ ಅಧಿಕಾರಿಯ ಇಚ್ಛೆಗೆ ಸೇರಿತ್ತು. ಅವನ ತೀರ್ಪಿನ ಮೇಲೆ ಅಪೀಲು ಹೋಗಬೇಕಾದದ್ದು ಅದೇ ಪುರಸಭೆಗೆ. ಆ ಸಭೆಯ ಸದಸ್ಯರೋ, ಭಾರತೀಯ ಅಂಗಡಿಯಿಂದ ನಷ್ಟಕ್ಕೊಳಗಾದ ಬಿಳಿಯ ವರ್ತಕರು. ಪ್ರತಿವರ್ಷವೂ ಪರವಾನಗಿಯನ್ನು ನವೀಕರಿಸಿಕೊಳ್ಳಬೇಕಾದವನು ಅಧಿಕಾರಿಯ ಮುಖ ನೋಡಿ ಮಾತಾಡುತ್ತಾನೆ. ಅರ್ಜಿ, ನಿಯೋಗ, ರಾಜಿ ಎಂಬ ಹಳೆಯ ನಾಯಕರ ಪದ್ಧತಿ ಈ ಏರ್ಪಾಡಿನಿಂದಲೇ ಬೆಳೆಯಿತೆಂಬುದು ನಮ್ಮ ಅಭಿಪ್ರಾಯ.

ಜೋಹಾನ್ಸ್‌ಬರ್ಗಿನಲ್ಲಿ 1906ರ ಸೆಪ್ಟೆಂಬರ್ 11ರಂದು ನಡೆದ ಪ್ರತಿಜ್ಞೆಯಿಂದ ಸತ್ಯಾಗ್ರಹವು ಆರಂಭವಾದಾಗ ಅದರ ವಿಷಯ ಟ್ರಾನ್ಸ್‌ವಾಲಿನ ನೋಂದಣಿ ಕಾನೂನು. 3 ಪೌಂಡಿನ ತೆರಿಗೆ ಇನ್ನೂ ಪಕ್ಕದಲ್ಲಿಯೇ ಉಳಿದಿತ್ತು. ಇದನ್ನು ಎತ್ತಿ ಹಿಡಿದು ಗಾಂಧೀಜಿಯವರನ್ನೂ ಟೀಕಿಸಿದವರು ಡರ್ಬನ್ನಿನ ‘ಆಫ್ರಿಕನ್ ಕ್ರಾನಿಕಲ್’ ಪತ್ರಿಕೆಯ ಸಂಪಾದಕರಾದ ಪಿ. ಎಸ್. ಅಯ್ಯರ್. ಅವರ ಬರಹದಲ್ಲಿ ಕಹಿ ಬಹಳ. ಆದರೆ ತೋಟದಾಳಿನ ತೆರಿಗೆಯೇ ಮುಖ್ಯ ಪ್ರಶ್ನೆಯಾಗಬೇಕೆಂದು ಅವರು ಹಟ ಹಿಡಿದದ್ದು ಸರಿಯೆಂದು 1913 ತೋರಿಸಿಕೊಟ್ಟಿತು. ಆ ವರ್ಷದ ಅಕ್ಟೋಬರಿನಲ್ಲಿ ಗಾಂಧೀಜಿಯವರಿಗೂ ನೇಟಾಲ್ ಕಾಂಗ್ರೆಸ್ಸಿನ ಕಾರ್ಯದರ್ಶಿಗಳಿಗೂ ಬಹಿರಂಗವಾಗಿಯೇ ಬಿರುಕು ಬಿಟ್ಟು, ಅವರ ಬೆಂಬಲಿಗರು ನೇಟಾಲ್ ಇಂಡಿಯನ್ ಅಸೋಸಿಯೇಷನ್ ಎಂಬ ಬೇರೆ ಸಂಸ್ಥೆಯನ್ನು ಕಟ್ಟಿಕೊಂಡರು. ತಾವೇ ಸ್ಥಾಪಿಸಿದ ಸಂಸ್ಥೆಯಿಂದ ಅವರು ಹೊರಗಾದದ್ದು ಮತ್ತು ನ್ಯೂಕಾಸಲ್ಲಿನ ಕಲ್ಲಿದ್ದಲ ಗಣಿಗಳಲ್ಲಿ ಕೂಲಿಗಳು ಮುಷ್ಕರ ಹೂಡಿದ್ದು ಒಂದೇ ತಿಂಗಳಲ್ಲಿ ಎಂಬುದು ಗಮನಾರ್ಹ. ನವೆಂಬರ್ 6ರಂದು ಗಡಿಯತ್ತ ಹೊರಟ ಮೆರವಣಿಗೆಯಲ್ಲಿ 2,037 ಗಂಡಸರು, 127 ಹೆಂಗಸರು, 57 ಮಕ್ಕಳು ಇದ್ದರೆಂದು ಗಾಂಧೀಜಿ ಲೆಕ್ಕ ಕೊಟ್ಟಿದ್ದಾರೆ. ಮುಷ್ಕರವು ಕಬ್ಬಿನ ತೋಟಗಳಿಗೆ ಹರಡಿತು. 1914ರಲ್ಲಿ ತೆರಿಗೆ ರದ್ದಾಯಿತು. ಒಡಕಿನ ನಡುವೆಯೇ ಅದುವರೆಗಿನ ಅತಿ ದೊಡ್ಡ ಒಗ್ಗಟ್ಟು ಸಾಧ್ಯವಾದದ್ದು ಹೀಗೆ. ಆದರೆ ಆ ಒಗ್ಗಟ್ಟಿನ ವೃತ್ತದೊಳಗೆ ಆಫ್ರಿಕನರು ಇರಲಿಲ್ಲ. ಅವರ ನೆಲವನ್ನು ಕಸಿದುಕೊಂಡ ಭೂಮಿ ಕಾನೂನು ಬಂದದ್ದೂ 1913ರಲ್ಲಿಯೇ. ಎರಡು ಅನ್ಯಾಯಗಳಿಗೆ ಎರಡು ಬೇರೆಬೇರೆ ಪ್ರತಿಭಟನೆಗಳು ನಡೆದವು.

ಮುಂದಿನ ಇಪ್ಪತ್ತೈದು ವರ್ಷಗಳನ್ನು ನಾವು ಬೇಗನೆ ದಾಟಬಹುದು. 1923ರಲ್ಲಿ ಪ್ರಾಂತಗಳ ಸಂಸ್ಥೆಗಳು ಕೂಡಿ ಸೌತ್ ಆಫ್ರಿಕನ್ ಇಂಡಿಯನ್ ಕಾಂಗ್ರೆಸ್ ಆಯಿತು. 1927ರ ಕೇಪ್‌ಟೌನ್ ಒಪ್ಪಂದದಿಂದ ಭಾರತ ಸರ್ಕಾರದ ಪ್ರತಿನಿಧಿಯೊಬ್ಬರು ಅಲ್ಲಿ ನೆಲೆಸತೊಡಗಿದರು, ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳು ಮೊದಲಿಗರು. ಭಾರತೀಯರನ್ನು ಇನ್ನಾವುದಾದರೂ ದೇಶದಲ್ಲಿ ನೆಲೆಗೊಳಿಸಬಹುದೇ ಎಂಬ ವಿಚಾರಣೆಗೆ ಹಿರಿಯ ನಾಯಕರು ಸಹಕರಿಸಲು ಒಪ್ಪಿದಾಗ, ಅಲ್ಲಿಯೇ ಹುಟ್ಟಿ ಬೆಳೆದವರು ಕೆರಳಿ 1933ರಲ್ಲಿ ಬೇರೆ ಸಂಘ ಕಟ್ಟಿದರು. ಕೂಲಿಗಳ ಮಕ್ಕಳಾದ ಇವರಿಗೆ ನೇಟಾಲೇ ಊರು. ವರ್ತಕನಿಗಾದರೆ ಸೂರತ್ತಿನಲ್ಲೋ ಪೋರಬಂದರಿನಲ್ಲೋ ಮನೆಯೊಂದಿತ್ತು. 1939ರಲ್ಲಿ ಎರಡು ಸಂಸ್ಥೆಗಳನ್ನು ಒಂದುಗೂಡಿಸುವ ಯತ್ನ ನಡೆದು, ಕೊನೆಗೆ ಹೊಸದೊಂದೂ ಹಳೆಯದೊಂದೂ ಮತ್ತೆ ಎರಡಾಗಿ ಉಳಿದವು! ಆಗ ಅಲ್ಲಿ ಭಾರತದ ಪ್ರತಿನಿಧಿಯಾಗಿದ್ದವರು ಮಂಗಳೂರು ಮೂಲದ ಮನೆತನದ ಸರ್ ಬೆನಗಲ್ ರಾಮರಾಯರು. ನಮ್ಮ ಸಂವಿಧಾನ ರಚನೆಗೆ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗರಾಯರ ಸೋದರರು.

ಅದೇ 1939ರಲ್ಲಿ ಜಗಳವು ರಕ್ತಪಾತಕ್ಕೂ ಇಳಿಯಿತು. ಟ್ರಾನ್ಸ್‌ವಾಲಿನಲ್ಲಿ ಭಾರತೀಯರ ವ್ಯಾಪಾರವನ್ನೂ ವಾಸವನ್ನೂ ನಿರ್ಬಂಧಿಸುವ ಕಾನೂನು ಬಂದಾಗ, ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದಿ ಬಂದಿದ್ದ ಯೂಸುಫ್ ದಾದೂ ಸತ್ಯಾಗ್ರಹವೇ ಆಗಬೇಕೆಂದರು; ಹಿರಿಯರು ಸರ್ಕಾರದೊಡನೆ ಮಾತುಕತೆ ಸಾಕೆಂದರು. ಜೂನ್ 4ರಂದು ಜೋಹಾನ್ಸ್‌ಬರ್ಗಿನಲ್ಲಿ ಕೂಡಿದ ಸಭೆಯ ಮೇಲೆ ಹಲ್ಲೆಯಾಗಿ, ದಾದೂ ಪಕ್ಷದ ದಾಹ್ಯಾಭಾಯಿ ಗೋವಿಂದಜಿ ಪ್ರಾಣ ಕಳೆದುಕೊಂಡರು. ಆಗಸ್ಟಿನಲ್ಲಿ ಆರಂಭವಾಗಬೇಕಿದ್ದ ಸತ್ಯಾಗ್ರಹವು ಗಾಂಧೀಜಿಯವರ ಸಲಹೆಯಂತೆ ಮುಂದೂಡಲ್ಪಟ್ಟಿತು.

ಇಷ್ಟು ಹೊತ್ತಿಗೆ ಕಾಂಗ್ರೆಸ್ಸಿನ ಹೊರಗೆ ಒಂದು ಹೊಸ ಶಕ್ತಿ ಬೆಳೆದಿತ್ತು. ತೋಟ ಬಿಟ್ಟು ಡರ್ಬನ್ನಿನ ಕಾರ್ಖಾನೆಗಳಿಗೆ ಸೇರಿದ ಕೂಲಿಗಳ ಮಕ್ಕಳು ಕಾರ್ಮಿಕ ಸಂಘಗಳನ್ನು ಕಟ್ಟಿದ್ದರು. 1937ರಲ್ಲಿ ಫಾಲ್‌ಕರ್ಕ್ ಕಬ್ಬಿಣದ ಕಾರ್ಖಾನೆಯಲ್ಲಿ ಭಾರತೀಯರೂ ಆಫ್ರಿಕನರೂ ಜೊತೆಯಲ್ಲಿ ಮುಷ್ಕರ ಹೂಡಿದರು. ಜಾರ್ಜ್ ಪೊನ್ನೆನ್, ಎಚ್. ಎ. ನಾಯ್ಡು ಮೊದಲಾದವರು ಮುಂದಾಳುಗಳು. ವರ್ತಕರ ನಾಯಕರೆಂದರೆ ಎ. ಐ. ಕಾಜಿ ಮತ್ತು ಪಿ. ಆರ್. ಪಾಥರ್. ಕಾಜಿಯವರು ಜಾಣರು, ಮಂತ್ರಿಗಳೊಡನೆ ಸಮಸಮವಾಗಿ ಮಾತಾಡಬಲ್ಲವರು. 1943ರಲ್ಲಿ ಡರ್ಬನ್ನಿನಲ್ಲಿ ಭಾರತೀಯರು ಬಿಳಿಯರಿಂದ ಆಸ್ತಿ ಕೊಳ್ಳುವುದನ್ನೂ ಅದರಲ್ಲಿ ವಾಸಿಸುವುದನ್ನೂ ತಡೆಯುವ ‘ಪೆಗ್ಗಿಂಗ್ ಆಕ್ಟ್’ ಬಂದಾಗ, ಕಾಜಿಯವರು ಪ್ರಧಾನಿ ಸ್ಮಟ್ಸರೊಡನೆ ಚರ್ಚಿಸಿ 1944ರ ಏಪ್ರಿಲಿನಲ್ಲಿ ಪ್ರಿಟೋರಿಯಾ ಒಪ್ಪಂದವನ್ನು ಮಾಡಿಕೊಂಡರು. ಭಾರತೀಯರು ಆಸ್ತಿ ಕೊಳ್ಳಬಹುದು; ಆದರೆ ಬಿಳಿಯರ ಕೇರಿಯಲ್ಲಿ ವಾಸಿಸಲು ಇಬ್ಬರು ಭಾರತೀಯರೂ ಇಬ್ಬರು ಬಿಳಿಯರೂ, ಬಿಳಿಯ ಅಧ್ಯಕ್ಷನೂ ಇರುವ ಮಂಡಳಿಯ ಲೈಸೆನ್ಸು ಬೇಕು. ಬಂಡವಾಳವಿದ್ದವನಿಗೆ ಇದು ಲಾಭವೇ. ಪಟ್ಟಣದ ಅಂಚಿನ ತಗಡಿನ ಮನೆಯಲ್ಲಿ ಬಾಡಿಗೆಗಿದ್ದ ಕಾರ್ಮಿಕನಿಗೆ ಇದರಿಂದ ಸಿಕ್ಕಿದ್ದು ಏನೂ ಇಲ್ಲ. ಪ್ರತ್ಯೇಕತೆಯನ್ನು ತನ್ನ ಹೆಸರಿನಲ್ಲಿ ತನ್ನ ನಾಯಕರೇ ಒಪ್ಪಿಕೊಂಡರೆಂಬ ಅವಮಾನವೊಂದು ಸಿಕ್ಕಿತು. ಇಷ್ಟಾಗಿಯೂ ಬಿಳಿಯರು ಒಪ್ಪಲಿಲ್ಲ. ಒಪ್ಪಂದವು ಆ ವರ್ಷವೇ ಮುರಿದುಬಿತ್ತು.

ಒಪ್ಪಂದವಾದ ಕೆಲವೇ ದಿನಗಳಲ್ಲಿ ಪ್ರತ್ಯೇಕತಾ ವಿರೋಧೀ ಮಂಡಲಿಯು ಏರ್ಪಟ್ಟಿತು. ಅದರ ಕಾರ್ಯವಿಧಾನವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮೂರನೆಯದೊಂದು ಸಂಸ್ಥೆಯನ್ನು ಅವರು ಕಟ್ಟಲಿಲ್ಲ. ಹಳೆಯ ಕಾಂಗ್ರೆಸ್ಸಿಗೇ ಕಾರ್ಮಿಕ ಸಂಘಗಳಿಂದ ಸದಸ್ಯರನ್ನು ತುಂಬಿದರು. ಅಧಿಕಾರದಲ್ಲಿದ್ದವರು ವಾರ್ಷಿಕ ಸಭೆಯನ್ನು ಕರೆಯದೆ ತಳ್ಳುತ್ತ ಹೋದಾಗ ನ್ಯಾಯಾಲಯದ ಮೊರೆಹೊಕ್ಕರು. 1945ರ ಅಕ್ಟೋಬರ್ 21ರಂದು ಡರ್ಬನ್ನಿನ ಕರೀಸ್ ಫೌಂಟನ್ ಮೈದಾನದಲ್ಲಿ ಸಹಸ್ರಾರು ಮಂದಿ ನೆರೆದರು. ಕಾಜಿ ಮತ್ತು ಪಾಥರ್ ಸ್ಪರ್ಧಿಸದೆ ಹಿಂದೆ ಸರಿದರು. ದಾದೂ ಅವರಂತೆಯೇ ಎಡಿನ್‌ಬರೋದಲ್ಲಿ ಓದಿದ್ದ ಡಾಕ್ಟರ್ ಜಿ. ಎಂ. ನಾಯ್ಕರ್ ಅಧ್ಯಕ್ಷರಾದರು. ಸ್ಥಾಪನೆಯಾದ 51 ವರ್ಷಗಳ ಮೇಲೆ ನೇಟಾಲ್ ಕಾಂಗ್ರೆಸ್ಸು ಕೂಲಿಗಳ ಸಂತತಿಯ ಕೈಸೇರಿತು. ಇದನ್ನು ಬರಿಯ ಬಣಗಳ ಕಾದಾಟವೆಂದು ವರ್ಣಿಸಿದ ಬರಹಗಳುಂಟು. ನಮಗೆ ಹಾಗೆ ಕಾಣುವುದಿಲ್ಲ.

1946ರ ಜೂನಿನಲ್ಲಿ ಸ್ಮಟ್ಸ್ ಸರ್ಕಾರವು ಮತ್ತೊಂದು ಕಾನೂನನ್ನು ಮಾಡಿತು. ಭಾರತೀಯರು ಎಲ್ಲಿ ಆಸ್ತಿ ಹೊಂದಬಹುದು, ಎಲ್ಲಿ ವಾಸಿಸಬಹುದು ಎಂಬುದಕ್ಕೆ ಎಲ್ಲೆ ಹಾಕಿ, ಪ್ರತಿಯಾಗಿ ಸಂಸತ್ತಿನ ಕೆಳಮನೆಯಲ್ಲಿ ಅವರ ಪರವಾಗಿ ಮೂವರು ಬಿಳಿಯ ಸದಸ್ಯರಿರಲೆಂದಿತು. ಜನರು ಇದನ್ನು ‘ಘೆಟೊ ಕಾನೂನು’ ಎಂದರು. ಜೂನ್ 13ರಂದು ಗೇಲ್ ಬೀದಿಯೂ ಅಂಬಿಲೊ ರಸ್ತೆಯೂ ಕೂಡುವ ಮೂಲೆಯ ಖಾಲಿ ಜಾಗದಲ್ಲಿ ಸತ್ಯಾಗ್ರಹಿಗಳು ಡೇರೆ ಹಾಕಿದರು. ರಾತ್ರಿಯ ವೇಳೆ ಬಿಳಿಯ ಪುಂಡರು ಬಂದು ಡೇರೆಗಳನ್ನು ಕೀಳುವುದು, ಹೊಡೆಯುವುದು. ಬೆಳಗಾದರೆ ಇನ್ನೊಂದು ತಂಡ ಬಂದು ಅಲ್ಲಿಯೇ ಕುಳಿತುಕೊಳ್ಳುವುದು. ಎರಡು ವರ್ಷಗಳಲ್ಲಿ ಸುಮಾರು 2,000 ಮಂದಿ ಸೆರೆಮನೆಗೆ ಹೋದರು; ಡಾಕ್ಟರ್ ಗೂಣಂ ಮೊದಲಾದ ಹೆಂಗಸರು ಅವರಲ್ಲಿದ್ದರು. ಭಾರತವು ವ್ಯಾಪಾರ ಸಂಬಂಧವನ್ನು ಕಡಿದುಕೊಂಡು ವಿಷಯವನ್ನು ವಿಶ್ವಸಂಸ್ಥೆಗೆ ಒಯ್ದಿತು. ಹಿರಿಯ ವರ್ತಕರು 1947ರಲ್ಲಿ ನೇಟಾಲ್ ಇಂಡಿಯನ್ ಆರ್ಗನೈಸೇಷನ್ ಎಂಬ ಬೇರೆ ಸಂಸ್ಥೆಗೆ ಸರಿದರು. ಒಡಕು ಪೂರ್ಣವಾಯಿತು, ಆದರೆ ಸತ್ಯಾಗ್ರಹ ನಿಲ್ಲಲಿಲ್ಲ.

ಇನ್ನು ಮುಂದಿನ ಪ್ರಶ್ನೆ ಭಾರತೀಯ-ಭಾರತೀಯರ ನಡುವಣದಲ್ಲ. 1947ರ ಮಾರ್ಚ್ 9ರಂದು ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಅಧ್ಯಕ್ಷರಾದ ಡಾಕ್ಟರ್ ಎ. ಬಿ. ಜೂಮಾ, ಡಾಕ್ಟರ್ ನಾಯ್ಕರ್, ಡಾಕ್ಟರ್ ದಾದೂ ಈ ಮೂವರು ಜಂಟಿ ಘೋಷಣೆಗೆ ಸಹಿ ಹಾಕಿದರು. ಮೂವರೂ ವೈದ್ಯರಾದುದರಿಂದ ಅದಕ್ಕೆ ‘ಡಾಕ್ಟರುಗಳ ಒಪ್ಪಂದ’ ಎಂದೇ ಹೆಸರಾಯಿತು. ಕಾಗದದ ಮೇಲಿನ ಈ ಒಗ್ಗಟ್ಟನ್ನು ಡರ್ಬನ್ನಿನ ಬೀದಿ ಇನ್ನೂ ಒಪ್ಪಿರಲಿಲ್ಲ. 1949ರ ಜನವರಿ 13ರ ಸಂಜೆ, ವಿಕ್ಟೋರಿಯಾ ಬೀದಿಯ ಬಸ್ಸು ನಿಲ್ದಾಣದ ಬಳಿ ಭಾರತೀಯ ಅಂಗಡಿಯವನೊಬ್ಬ ಆಫ್ರಿಕನ್ ಹುಡುಗನೊಬ್ಬನಿಗೆ ಹೊಡೆದ. ಗಾಜು ಒಡೆದು ಹುಡುಗನ ತಲೆಗೆ ಗಾಯವಾಯಿತು. ಮನೆಗೆ ಹೋಗಲು ಬಸ್ಸಿಗಾಗಿ ನಿಂತಿದ್ದ ಜನ ಅದನ್ನು ಕಂಡರು. ಎರಡು ದಿನ ಡರ್ಬನ್ ಉರಿಯಿತು. ಸರ್ಕಾರದ ಲೆಕ್ಕದಂತೆ ಸತ್ತವರು 142 ಮಂದಿ: 87 ಆಫ್ರಿಕನರು, 50 ಭಾರತೀಯರು, ಒಬ್ಬ ಬಿಳಿಯ, ಗುರುತು ಸಿಗದವರು ನಾಲ್ವರು. ಗಾಯಗೊಂಡವರು 1,087. ಆಫ್ರಿಕನರಲ್ಲಿ ಬಹುಮಂದಿ ಸತ್ತದ್ದು ಪೊಲೀಸರ ಮತ್ತು ಸೈನಿಕರ ಗುಂಡಿನಿಂದ.

ಇದರ ಕಾರಣವನ್ನು ವಿವರಿಸುವಾಗ ನಾವು ಸ್ವಲ್ಪ ತಡೆದು ನಿಲ್ಲಬೇಕು. ಬಿಳಿಯರು ಪಕ್ಕದಲ್ಲಿ ನಿಂತು ಹುರಿದುಂಬಿಸಿದರೆಂಬುದಕ್ಕೆ ಸಾಕ್ಷ್ಯವಿದೆ; ಸರ್ಕಾರದ ಮಂತ್ರಿಗಳು ವರ್ಷಗಟ್ಟಲೆ ಭಾರತೀಯರನ್ನು ಪರಕೀಯರೆಂದು ಹಳಿದದ್ದೂ ಉಂಟು. ಭಾರತೀಯ ಬರಹಗಾರರು ಬಹುಕಾಲ ಇಷ್ಟನ್ನೇ ಹೇಳಿ ಮುಗಿಸಿದರು. ಆದರೆ ಆಫ್ರಿಕನನು ದಿನನಿತ್ಯ ಕಾಣುತ್ತಿದ್ದುದು ಮಂತ್ರಿಯನ್ನಲ್ಲ. ಅವನು ಹತ್ತುವ ಬಸ್ಸು ಭಾರತೀಯನದು. ಸಾಮಾನು ಕೊಳ್ಳುವ ಅಂಗಡಿ ಭಾರತೀಯನದು. ಕೇಟೊ ಮೇನರಿನ ಗುಡಿಸಲಿಗೆ ಬಾಡಿಗೆ ವಸೂಲು ಮಾಡುವವನೂ ಭಾರತೀಯ. ಆಫ್ರಿಕನನಿಗೆ ಅಲ್ಲಿ ನೆಲ ಕೊಳ್ಳಲೂ ಬಸ್ಸು ಓಡಿಸಲು ಪರವಾನಗಿ ಪಡೆಯಲೂ ಬಿಳಿಯರ ಕಾನೂನು ಅಡ್ಡಿಯಾಗಿತ್ತು. ಮೇಲಿನ ಮೆಟ್ಟಿಲಿನಲ್ಲಿರುವವನು ಕಣ್ಣಿಗೆ ಬೀಳುವುದಿಲ್ಲ, ಒಂದೇ ಮೆಟ್ಟಿಲು ಮೇಲಿರುವವನ ಕಾಲು ಮಾತ್ರ ಹೆಗಲಿಗೆ ತಗಲುತ್ತದೆ. ಗಲಭೆಯಲ್ಲಿ ಮನೆ ಸುಟ್ಟುಹೋದವರು ಕಾಜಿಯವರ ವರ್ಗದವರಲ್ಲ, ಆಫ್ರಿಕನರ ನೆರೆಯಲ್ಲಿಯೇ ಬಾಳುತ್ತಿದ್ದ ಕೂಲಿಗಳ ಮಕ್ಕಳು ಎಂಬುದು ಇದರ ದಾರುಣ ಭಾಗ.

ಎರಡು ಕಾಂಗ್ರೆಸ್ಸುಗಳ ನಾಯಕರೂ ಜೊತೆಯಾಗಿ ಬೀದಿಗಿಳಿದು ಶಾಂತಿಗಾಗಿ ಬೇಡಿಕೊಂಡರು. ಫೆಬ್ರವರಿಯಲ್ಲಿ ಕೂಡಿ ಜಂಟಿ ಹೇಳಿಕೆ ಕೊಟ್ಟರು. ಸಾಕ್ಷಿಗಳನ್ನು ಪಾಟೀಸವಾಲು ಮಾಡಲು ಸರ್ಕಾರದ ವಿಚಾರಣಾ ಆಯೋಗವು ಅವಕಾಶ ಕೊಡದಿದ್ದಾಗ ಇಬ್ಬರ ವಕೀಲರೂ ಅದರಿಂದ ಹೊರನಡೆದರು. ಒಗ್ಗಟ್ಟು ಇದರಿಂದ ಒಮ್ಮೆಲೇ ಹುಟ್ಟಲಿಲ್ಲ. ತರುಣ ನೆಲ್ಸನ್ ಮಂಡೇಲಾ ಜಂಟಿ ಹೋರಾಟವನ್ನು ವಿರೋಧಿಸಿದವರು; ಭಾರತೀಯರ ಪ್ರಾಬಲ್ಯದಲ್ಲಿ ಆಫ್ರಿಕನರು ಮರೆಯಾದಾರೆಂಬ ಭಯ ತಮಗಿತ್ತೆಂದು ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅವರ ವಾದ ಸೋತಿತು, ಸೋತಮೇಲೆ ಅವರು ದುಡಿದರು. 1952ರ ಜೂನ್ 26ರಂದು ಆರಂಭವಾದ ಕಾನೂನುಭಂಗ ಚಳವಳಿಯಲ್ಲಿ ಮಂಡೇಲಾ ಸ್ವಯಂಸೇವಕರ ಮುಖ್ಯಸ್ಥರು, ಮೌಲ್ವಿ ಕಚಾಲಿಯಾ ಅವರ ಸಹಾಯಕರು. ನೇಟಾಲಿನಲ್ಲಿ ನಾಯ್ಕರ್ ಅವರೂ ಆಲ್ಬರ್ಟ್ ಲುಥುಲಿಯವರೂ ಒಂದೇ ವೇದಿಕೆಯಿಂದ ಮಾತಾಡಿದರು. ದೇಶದಲ್ಲಿ ಬಂಧಿತರಾದವರು 8,000ಕ್ಕೂ ಮಿಗಿಲು. ನೇಟಾಲಿನಲ್ಲಿ ಮಾತ್ರ ಕೆಲವು ನೂರರಷ್ಟೇ. 1949ರ ಗಾಯ ಅಲ್ಲಿ ಮಾಯ್ದಿರಲಿಲ್ಲವೆಂದು ನಾವು ಊಹಿಸುತ್ತೇವೆ. ಗಾಂಧೀಜಿಯವರ ಪುತ್ರ, ‘ಇಂಡಿಯನ್ ಒಪಿನಿಯನ್’ ಸಂಪಾದಕ ಮಣಿಲಾಲರು ಈ ಚಳವಳಿಯ ಅಹಿಂಸೆಯನ್ನೂ ಅದರಲ್ಲಿದ್ದ ಕಮ್ಯುನಿಸ್ಟರನ್ನೂ ಸಂಶಯದಿಂದ ಕಂಡರು. ಹಾಗಿದ್ದೂ ಅದೇ ವರ್ಷದ ಡಿಸೆಂಬರಿನಲ್ಲಿ ಪ್ಯಾಟ್ರಿಕ್ ಡಂಕನ್ನರೊಡನೆ ಜರ್ಮಿಸ್ಟನ್ನಿನ ಆಫ್ರಿಕನರ ಕೇರಿಯನ್ನು ಅನುಮತಿಯಿಲ್ಲದೆ ಪ್ರವೇಶಿಸಿ ಬಂಧಿತರಾದರು.

1955ರ ಜೂನಿನಲ್ಲಿ ಕ್ಲಿಪ್‌ಟೌನಿನಲ್ಲಿ ಸ್ವಾತಂತ್ರ್ಯ ಸನ್ನದನ್ನು ಅಂಗೀಕರಿಸಿದಾಗಲೂ ಭಾರತೀಯರ ಕಾಂಗ್ರೆಸ್ ಬೇರೆ, ಆಫ್ರಿಕನರದು ಬೇರೆ. ಈ ಏರ್ಪಾಡು ಪುನಃ ಚರ್ಚೆಗೆ ಬಂದದ್ದು, ಸೊರಗಿಹೋಗಿದ್ದ ನೇಟಾಲ್ ಕಾಂಗ್ರೆಸ್ಸನ್ನು 1971ರಲ್ಲಿ ಮೇವಾ ರಾಮ್‌ಗೋಬಿನ್ ಮೊದಲಾದವರು ಎತ್ತಿ ನಿಲ್ಲಿಸಿದಾಗ. ಸಾಥ್ಸ್ ಕೂಪರ್, ಸ್ಟ್ರಿನಿ ಮೂಡ್ಲಿ ಮೊದಲಾದ ತರುಣರು ಸ್ಟೀವ್ ಬೀಕೊ ಅವರ ವಿಚಾರದಂತೆ ತುಳಿತಕ್ಕೊಳಗಾದವರೆಲ್ಲರೂ ಕರಿಯರೇ, ಭಾರತೀಯರದೆಂಬ ಸಂಸ್ಥೆ ಇನ್ನೇಕೆ ಎಂದು ಕೇಳಿದರು. ಮನೆಮನೆಯ ಜನರನ್ನು ತಲಪಲು ಅವರಿಗೆ ಪರಿಚಿತವಾದ ಹೆಸರೇ ಬೇಕೆಂದು ಎದುರು ಪಕ್ಷದವರು ಉತ್ತರ ಕೊಟ್ಟರು. 1984ರ ಆಗಸ್ಟಿನಲ್ಲಿ ಸರ್ಕಾರವು ಭಾರತೀಯರಿಗೆಂದೇ ಸಂಸತ್ತಿನಲ್ಲಿ ಒಂದು ಮನೆಯನ್ನು ಕೊಟ್ಟು, ಆಫ್ರಿಕನರನ್ನು ಹೊರಗಿಟ್ಟು ಚುನಾವಣೆ ನಡೆಸಿತು. ಎರಡು ಪಕ್ಷದವರೂ ಅದನ್ನು ಬಹಿಷ್ಕರಿಸಲು ಕರೆಕೊಟ್ಟರು. ನೋಂದಾಯಿತ ಮತದಾರರಲ್ಲಿ ಐದರಲ್ಲೊಂದು ಪಾಲು ಮಾತ್ರ ಮತ ಹಾಕಿದರು.

ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸು 1969ರ ಮೊರೊಗೊರೊ ಸಮ್ಮೇಳನದಲ್ಲಿ ಇತರ ಜನಾಂಗದವರಿಗೆ ಸದಸ್ಯತ್ವವನ್ನು ತೆರೆಯಿತು. ಆದರೆ ರಾಷ್ಟ್ರೀಯ ಕಾರ್ಯಸಮಿತಿಯ ಬಾಗಿಲನ್ನು ಮುಚ್ಚಿಯೇ ಇಟ್ಟಿತು. ಅದನ್ನೂ ತೆರೆದದ್ದು 1985ರಲ್ಲಿ, ಜಾಂಬಿಯದ ಕಾಬ್ವೆ ಪಟ್ಟಣದ ಸಮ್ಮೇಳನದಲ್ಲಿ. ಆಗ ಆರಿಸಿಬಂದವರಲ್ಲಿ ಮ್ಯಾಕ್ ಮಹಾರಾಜ್, ಅಜೀಜ್ ಪಹಾಡ್ ಎಂಬ ಇಬ್ಬರು ಭಾರತೀಯ ಮೂಲದವರಿದ್ದರು. ಯೂಸುಫ್ ದಾದೂ ಅದಕ್ಕೆ ಎರಡು ವರ್ಷ ಮೊದಲೇ, 1983ರ ಸೆಪ್ಟೆಂಬರ್ 19ರಂದು, ಲಂಡನ್ನಿನಲ್ಲಿ ತೀರಿಕೊಂಡಿದ್ದರು.